ಸ್ಕ್ಯಾನಿಗೂ ವರದಿಗೂ ನಡುವೆ

ಕ್ಯಾನ್ಸರಿನ ಚಿಕಿತ್ಸೆಯ ಉಗ್ರತೆಯನ್ನೆಲ್ಲ ಸಹಿಸಿ, ಉದುರಿದ ಕೂದಲು ಮತ್ತೆ ಬೆಳೆದು, ಹೇಗೋ ನಿತ್ಯಜೀವನಕ್ಕೆ ಮರಳಿದ ಮನುಷ್ಯನು, ಕೆಲವು ತಿಂಗಳುಗಳಿಗೊಮ್ಮೆ ಬರುವ ಸ್ಕ್ಯಾನಿನ ದಿನ ಸಮೀಪಿಸಿತೆಂದರೆ ಅನ್ನ ರುಚಿಸದೆ, ನಿದ್ರೆ ಹತ್ತದೆ, ಬೆನ್ನಿನಲ್ಲೊಂದು ಸಣ್ಣ ನೋವು ತೋರಿದರೂ ರೋಗವು ಹಿಂದಿರುಗಿತೆಂದೇ ನಿಶ್ಚಯಿಸಿ ತಳಮಳಿಸುವುದುಂಟು. ಮನೆಯವರು "ಏನೂ ಆಗೋದಿಲ್ಲ, ಧೈರ್ಯವಾಗಿರು" ಎನ್ನುತ್ತಾರೆ. ಈ ಉಪದೇಶದಲ್ಲಿ ಪ್ರೀತಿಯಿದೆ, ವಿವೇಕವಿಲ್ಲ. ಒಮ್ಮೆ ಇದೇ ಯಂತ್ರದಿಂದ ಅಶುಭವಾರ್ತೆಯನ್ನು ಪಡೆದವನು ಮತ್ತೆ ಅದರೊಳಗೆ ಮಲಗುವಾಗ ಅಂಜದಿದ್ದರೆ ಆಶ್ಚರ್ಯಪಡಬೇಕು.

ಪೆಟ್ ಸ್ಕ್ಯಾನಿನ ಕ್ರಮವನ್ನೇ ನೋಡಿ. ಸುಮಾರು 6 ಗಂಟೆಗಳ ಉಪವಾಸದಿಂದ ಬಂದವನ ರಕ್ತನಾಳಕ್ಕೆ ವಿಕಿರಣಶೀಲ ಫ್ಲೋರಿನ್ ಕೂಡಿಸಿದ ಸಕ್ಕರೆಯಂಥ ದ್ರವವನ್ನು ಚುಚ್ಚಿ, ಸುಮಾರು ಒಂದು ಗಂಟೆ ಮಾತಿಲ್ಲದೆ, ಅಲುಗಾಟವಿಲ್ಲದೆ, ಏಕಾಂತದಲ್ಲಿ ಇರಿಸುತ್ತಾರೆ. ಸಕ್ಕರೆಯನ್ನು ವಿಶೇಷವಾಗಿ ಹೀರುವ ಜೀವಕೋಶಗಳು ಚಿತ್ರದಲ್ಲಿ ಬೆಳಗುತ್ತವೆ. ಆದರೆ ಹೀಗೆ ಬೆಳಗುವುದೆಲ್ಲ ಕ್ಯಾನ್ಸರಲ್ಲ: ಕ್ಷಯದ ಗಂಟು, ಮಾಯುತ್ತಿರುವ ಶಸ್ತ್ರಚಿಕಿತ್ಸೆಯ ಗಾಯ, ವಿಕಿರಣ ಚಿಕಿತ್ಸೆಯ ಉರಿಯೂತ ಇವೂ ಬೆಳಗುತ್ತವೆ. ಕೊಠಡಿಯ ಚಳಿಗೆ ಕತ್ತಿನ ಬಳಿಯ ಕಂದು ಕೊಬ್ಬು, ಆತಂಕಕ್ಕೆ ಬಿಗಿದ ಹೆಗಲಿನ ಸ್ನಾಯು ಕೂಡ ಬೆಳಗಬಲ್ಲವು. ಭಯವು ತನ್ನ ಸಹಿಯನ್ನು ಚಿತ್ರದ ಮೇಲೆಯೇ ಹಾಕಬಲ್ಲುದೆಂಬುದು ವಿಚಿತ್ರವಾದರೂ ನಿಜ. ಆದ್ದರಿಂದ ಅಲ್ಲಿ ಚಳಿಯಾದರೆ ಕಂಬಳಿ ಕೇಳಲು ಸಂಕೋಚಪಡಬಾರದು. ಕ್ಷಯವು ಇನ್ನೂ ವ್ಯಾಪಕವಾಗಿರುವ ಈ ದೇಶದಲ್ಲಿ, ವಾಟ್ಸ್ಆ್ಯಪಿಗೆ ಬಂದ ವರದಿಯ ಒಂದು ಸಾಲನ್ನು ನಡುರಾತ್ರಿಯಲ್ಲಿ ಒಬ್ಬನೇ ಓದಿ, ಅದನ್ನೇ ತನ್ನ ಮರಣಶಾಸನವೆಂದು ಭಾವಿಸುವುದು ಎಂಥ ಅನ್ಯಾಯ!

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಿಂದ ನಾಡಿನ ಮೂಲೆಮೂಲೆಯ ರೋಗಿಗಳನ್ನು ಕಾಣುತ್ತಿದೆ. ಬೀದರಿನಿಂದ ಸುಮಾರು 700 ಕಿಲೋಮೀಟರ್ ಬಂದ ಬಡವನಿಗೆ ಸ್ಕ್ಯಾನೆಂದರೆ ದೇಹದ ಪರೀಕ್ಷೆಯೊಂದೇ ಅಲ್ಲ; ರಾತ್ರಿಯ ರೈಲು, ಕಳೆದುಹೋದ ಕೂಲಿ, ಜೊತೆಗೆ ಬಂದ ಮಗನ ರಜೆ, ವರದಿಗಾಗಿ ಉಳಿಯಬೇಕೆ ಹೋಗಿ ಮರಳಬೇಕೆ ಎಂಬ ಲೆಕ್ಕಾಚಾರ. ಇದರ ಮೇಲೆ ನಮ್ಮಲ್ಲಿ ಬೇರೂರಿದ ಒಂದು ಪದ್ಧತಿಯಿದೆ. ಲಕೋಟೆಯನ್ನು ಅಳಿಯನೋ ಅಣ್ಣನೋ ಪಡೆದು, ವೈದ್ಯರೊಡನೆ ಬಾಗಿಲ ಮರೆಯಲ್ಲಿ ಪಿಸುಗುಟ್ಟಿ, ಮುಖದಲ್ಲಿ ನಗೆಯನ್ನು ತಂದುಕೊಂಡು ಹೊರಬರುತ್ತಾನೆ. ಬೆಂಚಿನ ಮೇಲೆ ಕುಳಿತ ರೋಗಿಯು ವರದಿಯನ್ನು ಓದಲಾರದಿದ್ದರೂ ಆ ಮುಖವನ್ನು ಓದಬಲ್ಲನು, ಮತ್ತು ಅಲ್ಲಿ ಓದಿದುದು ಸಾಮಾನ್ಯವಾಗಿ ವರದಿಗಿಂತ ಭಯಂಕರವಾಗಿರುತ್ತದೆ. ಕರುಣೆಯ ಹೆಸರಿನ ಈ ಮರೆಮಾಚುವಿಕೆಯನ್ನು ನಾನು ಕ್ರೌರ್ಯವೆಂದೇ ಎಣಿಸುತ್ತೇನೆ. ಸತ್ಯವನ್ನು ಎಷ್ಟು, ಯಾರ ಬಾಯಿಂದ ಕೇಳಬೇಕೆಂಬುದನ್ನು ರೋಗಿಯೇ ಮುಂಚಿತವಾಗಿ ತಿಳಿಸಲಿ. ಏನೂ ಬೇಡವೆಂದರೆ ಅದೂ ಅವನ ಹಕ್ಕು.

ಆತಂಕವನ್ನು ಸಂಪೂರ್ಣ ನೀಗಿಸುವ ಮದ್ದಿಲ್ಲ. ಅದನ್ನು ಸಹನೀಯಗೊಳಿಸುವ ಉಪಾಯಗಳುಂಟು. ಯಾವುದನ್ನು ಹುಡುಕುತ್ತಿದ್ದೀರಿ, ಕಂಡರೆ ಚಿಕಿತ್ಸೆ ಹೇಗೆ ಬದಲಾಗುತ್ತದೆ ಎಂದು ಸ್ಕ್ಯಾನಿಗೆ ಮೊದಲೇ ವೈದ್ಯರನ್ನು ಕೇಳಬಹುದು. ಎಂಆರ್‌ಐ ಯಂತ್ರದ ಕೊಳವೆಯಲ್ಲಿ ಉಸಿರುಕಟ್ಟಿದಂತಾದರೆ ಕೈಯಲ್ಲಿಟ್ಟ ಗುಂಡಿಯನ್ನು ಒತ್ತಿ ನಿಲ್ಲಿಸಲು ಹೇಳಬಹುದು; ಭಯ ಅತಿಯಾದವರಿಗೆ ವೈದ್ಯರು ಶಮನದ ಔಷಧವನ್ನೂ ಕೊಡುತ್ತಾರೆ. ವಾರಗಟ್ಟಲೆ ನಿದ್ರೆಯೇ ಬಾರದವರು 14416ಕ್ಕೆ ಕರೆಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಆಪ್ತಸಲಹೆ ಉಚಿತವಾಗಿ ದೊರೆಯುತ್ತದೆ.

ಇನ್ನೊಂದು ಕೆಲಸ ಆಸ್ಪತ್ರೆಗಳಿಗೆ ಸೇರಿದ್ದು, ಅದಕ್ಕೆ ಹಣವೂ ಬೇಕಿಲ್ಲ. ಸ್ಕ್ಯಾನಿನ ದಿನವನ್ನು ಬರೆದುಕೊಡುವ ಚೀಟಿಯಲ್ಲಿಯೇ, ಫಲಿತಾಂಶವನ್ನು ಯಾವ ವೈದ್ಯರು, ಯಾವ ದಿನ, ಎಷ್ಟು ಗಂಟೆಗೆ ಎದುರು ಕೂರಿಸಿಕೊಂಡು ಹೇಳುವರೆಂಬುದನ್ನೂ ಬರೆದುಕೊಡಿ.