ಸ್ಕೂಟರು ನಡುಗುತ್ತದೆ, ನಾವೇಕೆ ಸುಮ್ಮನಿದ್ದೇವೆ?

ಪುಣೆಯಲ್ಲಿ ಮನೆಗೊಂದು ಸ್ಕೂಟರು ಇದ್ದೇ ಇರುತ್ತದೆ; ಕೆಲವು ಮನೆಗಳಲ್ಲಿ ಆಳಿಗೊಂದು. ಮೊನ್ನೆ ಸಂಘದ ಕಾರ್ಯಕ್ರಮ ಮುಗಿದ ಮೇಲೆ ನಾವು ಸಭಾಗೃಹದ ಬಾಗಿಲಲ್ಲಿ ನಿಂತು, ಹೊರಟ ಬಂಧುಗಳ ಗಾಡಿಗಳನ್ನೇ ನೋಡುತ್ತಿದ್ದೆವು. ಹೊರಡುವಾಗ ಗಡಗಡ ನಡುಗಿದವು ಒಂದೆರಡಲ್ಲ. ಹಿಂದೆ ಕುಳಿತ ತಾಯಂದಿರ ಕೈಯಲ್ಲಿದ್ದ ಸ್ಟೀಲಿನ ಡಬ್ಬಿಗಳು ತಾಳ ಹಾಕುತ್ತಿದ್ದವು. "ಯಾಕ್ರೀ, ಗಾಡಿ ಹಿಂಗ ನಡಗತದ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅದು ಹಂಗೇ ಅದರೀ." ಗ್ಯಾರೇಜಿನವನು ಹೇಳುವ "ಅಸಂಚ ಅಸತಂ, ಸಾಹೇಬ" ಎಂಬ ಮಾತನ್ನು ಇಷ್ಟು ನಿಷ್ಠೆಯಿಂದ ಕನ್ನಡಕ್ಕೆ ತಂದುಕೊಂಡ ನಾವು, ಮರಾಠಿಯ ಒಳ್ಳೆಯ ಪುಸ್ತಕಗಳ ವಿಷಯದಲ್ಲಿ ಇಷ್ಟು ಉತ್ಸಾಹ ತೋರಿದ್ದಿಲ್ಲ.

ಈ ಮಾತನ್ನು ನಾವು ಒಪ್ಪುವುದಿಲ್ಲ. ಒಂದೇ ಸಿಲಿಂಡರಿನ ಎಂಜಿನ್ ಸ್ವಲ್ಪ ಕಂಪಿಸುವುದು ಸಹಜ, ನಿಜ. ಆದರೆ ನಿನ್ನೆ ಇರದ ನಡುಕ ಇಂದು ಬಂದಿದ್ದರೆ ಅದಕ್ಕೊಂದು ಕಾರಣವಿದೆ. ಆ ಕಾರಣವನ್ನು ಹುಡುಕದೆ ಸಹಿಸಿಕೊಳ್ಳುವುದೂ ತಪ್ಪು, ಹುಡುಕದೆ ಒಂದರ ಮೇಲೊಂದು ಬಿಡಿಭಾಗ ಬದಲಾಯಿಸುತ್ತ ಹೋಗುವುದೂ ತಪ್ಪು. ನಮ್ಮವರು ಮೊದಲು ಒಂದನ್ನು ಮಾಡುತ್ತಾರೆ, ಬೇಸತ್ತ ಮೇಲೆ ಇನ್ನೊಂದನ್ನು.

ನಮಗೆ ಕಿವಿಯಿಲ್ಲವೆ? ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಆರಂಭವಾದ ಉತ್ಸವ ಇದೇ ಊರಿನಲ್ಲಿ ಡಿಸೆಂಬರದಲ್ಲಿ ನಡೆಯುತ್ತದೆ. ಅಲ್ಲಿ ಚಳಿಯಲ್ಲಿ ಕುಳಿತು, ತಂಬೂರಿಯ ಒಂದು ತಂತಿ ಕೂದಲೆಳೆಯಷ್ಟು ಇಳಿದರೆ ಮುಖ ಸಿಂಡರಿಸುವವರು ನಾವು. ಗದಗಿನ ಭೀಮಸೇನ ಜೋಶಿಯವರು ನಮ್ಮವರೆಂದು ಎದೆ ತಟ್ಟಿಕೊಳ್ಳುತ್ತೇವೆ. ಅದೇ ಕಿವಿ ಬೆಳಿಗ್ಗೆ ಕರ್ವೆ ರಸ್ತೆಯಲ್ಲಿ ತನ್ನ ಗಾಡಿಯ ಮೇಲೆ ಕುಳಿತಾಗ ಕಿವುಡಾಗುತ್ತದೆ.

ಬಿ.ಎಸ್ಸಿ.ಯಲ್ಲಿ ಕಂಪನದ ಪಾಠವನ್ನು ಉರುಹೊಡೆದು ಪಾಸಾದವರು ನಾವು. ಆ ಪಾಠ ಉಪಯೋಗಕ್ಕೆ ಬಂದದ್ದು ಕಚೇರಿಯಲ್ಲಿ ಅಲ್ಲ, ಸ್ಕೂಟರಿನ ಮೇಲೆ. ಹತ್ತು ಇಂಚಿನ ಸಣ್ಣ ಚಕ್ರಕ್ಕೆ ಟೈರು ಸೇರಿ ಸುತ್ತಳತೆ ಸುಮಾರು 1.36 ಮೀಟರು. ತಾಸಿಗೆ 40 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 1700 ಸುತ್ತಿನಂತೆ ಓಡುವಾಗಲೇ ಸೆಕೆಂಡಿಗೆ 28 ಸುತ್ತಾಯಿತು. ಓಟದಲ್ಲಿ ಇನ್ನೂ ಹೆಚ್ಚು. ಚಕ್ರದ ದೋಷ ಕೈಗೆ ಕುಟ್ಟಿದಂತೆ, ತೂಗಿದಂತೆ ತಿಳಿಯುತ್ತದೆ. ಎಂಜಿನ್ನಿನದು ದುಂಬಿ ಗುಂಯ್‌ಗುಟ್ಟಿದಂತೆ. ಇಷ್ಟು ಭೇದ ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ.

ಹೊರಡುವಾಗ ಮಾತ್ರ ನಡುಗಿ, ವೇಗ ಬಂದೊಡನೆ ಶಾಂತವಾಗುವ ಗಾಡಿಯಲ್ಲಿ ಮೊದಲು ಸಂಶಯಪಡಬೇಕಾದದ್ದು ಕ್ಲಚ್ಚನ್ನು. ನಮ್ಮ ಮಾವನವರ ಚೇತಕ್ಕಿನಲ್ಲಿ ಕ್ಲಚ್ಚು ಎಡಗೈಯ ಹಿಡಿಕೆಯಲ್ಲಿತ್ತು; ಅದು ಕೆಟ್ಟರೆ ಕೈಗೇ ಗೊತ್ತಾಗುತ್ತಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂತು, 2001ರಲ್ಲಿ ಆಕ್ಟಿವಾ ಬಂತು, ಗೇರಿಲ್ಲದ ಗಾಡಿಗಳ ಕಾಲ ಬಂತು. ಕ್ಲಚ್ಚು ಹಿಂದಿನ ಚಕ್ರದ ಪಕ್ಕದ ಮುಚ್ಚಳದೊಳಗೆ ಅಡಗಿ ಕುಳಿತಿತು. ಎಂಜಿನ್ ವೇಗ ಏರಿದಂತೆ ಒಳಗಿನ ಕ್ಲಚ್ ಶೂಗಳು ಹೊರಕ್ಕೆ ಸರಿದು, ಸುತ್ತಲಿನ ಬಟ್ಟಲಿನಂಥ ಡ್ರಮ್ಮನ್ನು ಹಿಡಿಯುತ್ತವೆ. ಶೂಗಳ ಮೇಲೆ ಧೂಳು ಕುಳಿತರೆ, ಅಥವಾ ಕಾವಿಗೆ ಅವುಗಳ ಮೈ ಗಾಜಿನಂತೆ ನುಣುಪಾದರೆ, ಹಿಡಿತ ಒಮ್ಮೆಲೇ ಸಿಕ್ಕದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಅದೇ ಗಡಗಡ. ಸಿಗ್ನಲಿನಲ್ಲಿ ಬ್ರೇಕು ಹಿಡಿದೇ ಆಕ್ಸಿಲರೇಟರ್ ತಿರುಗಿಸುತ್ತ ಗಾಡಿಯನ್ನು ಇಂಚಿಂಚು ತಳ್ಳುವ ಮಹನೀಯರು ಆ ಶೂಗಳನ್ನು ತಾವೇ ಸುಡುತ್ತಿರುತ್ತಾರೆ. ಮಳೆಗಾಲದ ಬೆಳಿಗ್ಗೆ ಎರಡು ಸಲ ನಡುಗಿ ಆಮೇಲೆ ಸರಿಹೋದರೆ ತೇವ ಕಾರಣವಿರಬಹುದು. ಅದಕ್ಕೆ ದುಡ್ಡು ಸುರಿಯಬೇಕಿಲ್ಲ.

ನಿಂತಲ್ಲೇ ಫುಟ್‌ಬೋರ್ಡು, ಸೀಟು, ಕನ್ನಡಿ ಎಲ್ಲ ಗುಂಯ್‌ಗುಟ್ಟಿದರೆ ಎಂಜಿನ್ ತೂಗುಹಾಕಿದ ಕಡೆಯ ರಬ್ಬರ್ ಬುಷ್ ನೋಡಿಸಬೇಕು, ಸೈಲೆನ್ಸರಿನ ಬೋಲ್ಟು ನೋಡಿಸಬೇಕು. ಬ್ರೇಕು ಹಿಡಿದಾಗ ಮಾತ್ರ ಕುಟ್ಟಿದರೆ ಬ್ರೇಕ್ ಡ್ರಮ್ಮಿನ ದುಂಡು ಕೆಟ್ಟಿರಬಹುದು. ಇವುಗಳ ವಿಷಯ ಹೆಚ್ಚು ಹೇಳುವುದಿಲ್ಲ. ಹೆಚ್ಚು ಹೇಳಬೇಕಾದದ್ದು ಹ್ಯಾಂಡಲ್ಲಿನ ನಡುಕದ ಬಗ್ಗೆ. ಮಿಕ್ಕವು ಕಿಸೆಗೆ ಕನ್ನ ಹಾಕುತ್ತವೆ, ಇದು ಜೀವಕ್ಕೆ.

2023ರ ದೀಪಾವಳಿಯ ನಂತರ ನಮ್ಮ ಗಾಡಿ ನಡುಗತೊಡಗಿತು. ಒಂದು ಗ್ಯಾರೇಜಿಗೆ ಒಯ್ದೆವು. "ಗಾಡಿ ನಡುಗುತ್ತದೆ" ಎಂದಷ್ಟೇ ಹೇಳಿದೆವು. ಅದು ನಮ್ಮ ಅಪರಾಧ. ಅವನು ಬೀದಿಯ ತುದಿಯವರೆಗೆ ಓಡಿಸಿ ಬಂದು "ಕ್ಲಚ್ ಗೇಲಾ" ಎಂದ. 1,900 ರೂಪಾಯಿ. ನಡುಕ ಹೋಗಲಿಲ್ಲ. ಮತ್ತೆ ಹೋದಾಗ ಬೆಲ್ಟು, ರೋಲರು ಬದಲಾದವು. 2,600 ರೂಪಾಯಿ. ಮೂರನೆಯ ಸಲ ಬದಲಾಯಿಸಲು ಏನೂ ತೋಚದೆ ಆ ವೇದವಾಕ್ಯ ಬಂತು: "ಅಸಂಚ ಅಸತಂ." ನಾವೂ ತಲೆಯಾಡಿಸಿ ಬಂದೆವು. ಕಚೇರಿಯಲ್ಲಿ ಒಂದು ಪ್ರವಾಸ ಭತ್ಯೆಯ ಬಿಲ್ಲಿನಲ್ಲಿ ಹನ್ನೆರಡು ರೂಪಾಯಿ ತಾಳೆಯಾಗದಿದ್ದರೆ ಕಡತವನ್ನು ಮೂರು ಸಲ ಹಿಂದಿರುಗಿಸುವ ಗುಮಾಸ್ತ, 4,500 ರೂಪಾಯಿಗೆ ಕಾರಣ ಕೇಳದೆ ಮನೆಗೆ ಬಂದ.

ಒಂದು ಸಂಜೆ ಮಗಳನ್ನು ಹಿಂದೆ ಕೂಡಿಸಿಕೊಂಡು ಚಾಂದಣಿ ಚೌಕದಿಂದ ಕೋಥರೂಡಿನ ಕಡೆಗೆ ಇಳಿಯುತ್ತಿದ್ದೆವು. ಪಕ್ಕದಲ್ಲಿ ಟೆಂಪೊ. ಆಕ್ಸಿಲರೇಟರ್ ಬಿಟ್ಟೆವು, ಹ್ಯಾಂಡಲ್ಲು ಎಡಕ್ಕೆ ಬಲಕ್ಕೆ ತೂಗಲಾರಂಭಿಸಿತು. ಬಿಗಿಯಾಗಿ ಹಿಡಿದು, ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆವು. "ಅಪ್ಪಾ, ಯಾಕ ಹಂಗ ತೂಗಾಡ್ತು?" ಎಂದು ಕೇಳಿದಳು. ಅದು ಹಂಗೇ ಅದವಾ ಎಂದು ಹೇಳಲು ನಮ್ಮ ಬಾಯಿ ಬರಲಿಲ್ಲ.

ಉತ್ತರ ಆ ಕ್ಷಣದಲ್ಲೇ ಇತ್ತು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿನ ಹೊರೆ ಇಳಿಯುತ್ತದೆ. ಆಗ ನಡುಕ ಕಡಿಮೆಯಾಗುವ ಬದಲು ಹೆಚ್ಚಿದರೆ ಮುಂದಿನ ಚಕ್ರ, ಟೈರು ಇಲ್ಲವೆ ಹ್ಯಾಂಡಲ್ಲಿನ ಕೋನ್‌ಸೆಟ್ಟನ್ನು ನೋಡಬೇಕು. ಮೊದಲು ಗಾಳಿ ನೋಡಿದೆವು, ಪುಸ್ತಿಕೆಯಲ್ಲಿ ಇದ್ದಷ್ಟೇ ಇತ್ತು. ಟೈರಿನಲ್ಲಿ ಉಬ್ಬು ತಗ್ಗು ಇರಲಿಲ್ಲ. ಮೇನ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಗಳನ್ನು ಹಿಂದಿನ ತುದಿಗೆ ಕೂಡಿಸಿದೆವು. ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟವಿರಲಿಲ್ಲ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಿದೆವು: ಟಕ್, ಟಕ್. ಹ್ಯಾಂಡಲ್ಲನ್ನು ಒಂದು ಬೆರಳಿನಿಂದ ನಿಧಾನವಾಗಿ ತಿರುಗಿಸಿದಾಗ ಸರಿಯಾಗಿ ನಡುವೆ ಗುಳಿಗೆ ಬಿದ್ದಂತೆ ತಡೆಯಿತು. ಹತ್ತು ನಿಮಿಷದ ಕೆಲಸ. ಒಂದು ಪಾನಾ ಕೂಡ ಬೇಕಾಗಲಿಲ್ಲ. ಕೆಲವರು ಓಡುವ ಗಾಡಿಯಲ್ಲಿ ಎರಡೂ ಕೈ ಬಿಟ್ಟು ಪರೀಕ್ಷಿಸುತ್ತಾರಂತೆ. ಅವರಿಗೆ ನಮಸ್ಕಾರ, ನಮ್ಮ ಮಕ್ಕಳಿಗೆ ಅದನ್ನು ಕಲಿಸದಿರಲಿ.

ಇಷ್ಟೆಲ್ಲ ನಾವೇ ಮಾಡಬೇಕಾದರೆ ಮೆಕ್ಯಾನಿಕನಿಗೆ ದುಡ್ಡೇಕೆ ಎಂದು ಕೇಳುವವರಿದ್ದಾರೆ. ವೈದ್ಯರ ಬಳಿ ಹೋದಾಗ ಜ್ವರ ಯಾವ ಹೊತ್ತಿಗೆ ಬರುತ್ತದೆಂದು ಹೇಳುವವರು ಯಾರು? ಮೆಕ್ಯಾನಿಕ್ ನಿಮ್ಮ ಗಾಡಿಯನ್ನು ಬಿಸಿಯಾದ ಮೇಲೆ, ಸಪಾಟು ಬೀದಿಯಲ್ಲಿ, ಒಬ್ಬನೇ, ಎರಡು ನಿಮಿಷ ಓಡಿಸುತ್ತಾನೆ. ನಡುಕ ಬರುವುದು ಬೆಳಿಗ್ಗೆ ತಣ್ಣಗಿರುವಾಗಲೋ, ಇಬ್ಬರಿರುವಾಗಲೋ, ಇಳಿಜಾರಿನಲ್ಲೋ. ಅದನ್ನು ಬಲ್ಲವರು ನೀವೊಬ್ಬರೇ. ಅವನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದು ಬರೆಸಿ ಹವಾನಿಯಂತ್ರಿತ ಕೋಣೆಯಲ್ಲಿ ಚಹಾ ಕುಡಿಯುವವರೂ ಪಾಲುದಾರರೇ.

ನಿಜವಾದ ಅಡ್ಡಿ ಬೇರೆ. ಭಾಜಿ ಮಾರುವವಳೊಡನೆ ಚೌಕಾಶಿ ಮಾಡುವಷ್ಟು ಮರಾಠಿ ಬರುವ ನಮಗೆ ಗ್ಯಾರೇಜಿನಲ್ಲಿ ನಾಲಿಗೆ ಕಟ್ಟುತ್ತದೆ. ಪರಊರಿನಲ್ಲಿ ಪ್ರಶ್ನೆ ಕೇಳಿದರೆ ಜಗಳವೆಂದುಕೊಂಡಾರೆಂಬ ಅಳುಕು. ಕೈ ಮಸಿಯಾದರೆ ಓದಿದವರ ಮಾನ ಹೋದೀತೆಂಬ ಬಿಗುಮಾನ. ಅಳುಕನ್ನು ಕ್ಷಮಿಸಬಹುದು, ಬಿಗುಮಾನವನ್ನಲ್ಲ. ವಿದ್ಯುತ್ ಸ್ಕೂಟರು ಕೊಂಡವರು ಇದನ್ನೋದಿ ನಗಬೇಕಾಗಿಯೂ ಇಲ್ಲ. ಅವರ ಗಾಡಿಯಲ್ಲಿ ಈ ಬಗೆಯ ಕ್ಲಚ್ಚು ಇರದಿರಬಹುದು. ಟೈರು, ಬ್ರೇಕು, ಹ್ಯಾಂಡಲ್ಲಿನ ಬೇರಿಂಗು ಇದ್ದೇ ಇವೆ, ಗುಂಡಿಗಳೂ ಅವೇ.

ಮರುದಿನ ಅದೇ ಗ್ಯಾರೇಜಿಗೆ ಹೋದೆವು. ಈ ಸಲ ಒಂದು ಚೀಟಿಯಲ್ಲಿ ಬರೆದುಕೊಂಡು: ಯಾವ ವೇಗದಲ್ಲಿ, ಆಕ್ಸಿಲರೇಟರ್ ಬಿಟ್ಟಾಗ, ಇಬ್ಬರಿರುವಾಗ, ಫೋರ್ಕಿನಲ್ಲಿ ಟಕ್, ನಡುವೆ ಗುಳಿ. ಹುಡುಗ ಅದನ್ನೋದಿ ಮಾತಾಡದೆ ಹ್ಯಾಂಡಲ್ ಬಿಚ್ಚಿದ. ಹಳೆಯ ಕೋನ್‌ಸೆಟ್ಟಿನ ಉಕ್ಕಿನ ಬಳೆಯನ್ನು ಬಟ್ಟೆಯಿಂದ ಒರೆಸಿ ನಮ್ಮ ಅಂಗೈಯಲ್ಲಿಟ್ಟ. ಗುಂಡುಗಳು ಕುಟ್ಟಿ ಮಾಡಿದ ಗುಳಿಗಳು ಸಾಲಾಗಿ ಕಾಣುತ್ತಿದ್ದವು. ಮಜೂರಿ ಸೇರಿ 750 ರೂಪಾಯಿ ಆಯಿತು. ಚೀಟಿಯನ್ನು ಅವನೇ ಇಟ್ಟುಕೊಂಡ.