ಹುಟ್ಟಿದ ಬೆಳಕು ಹೊರಬರಬೇಕು

ಬೆಳಕು ಹುಟ್ಟಿದ ಮಾತ್ರಕ್ಕೆ ಸುತ್ತಣ ಜಗತ್ತು ಬೆಳಗುವುದಿಲ್ಲ. ಅದು ಹೊರಬರಲು ದಾರಿಯೂ ಇರಬೇಕು. ಮನೆಯ ದೀಪಕ್ಕೆ ಸಲ್ಲುವ ಈ ಮಾತು ಆಕಾಶದ ನಕ್ಷತ್ರಗಳಿಗೂ ಸಲ್ಲುವುದೆಂಬುದನ್ನು ಖಗೋಲ ವಿಜ್ಞಾನವು ತೋರಿಸಿಕೊಟ್ಟಿದೆ.

ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿ, ಎಂ 82 ಎಂಬ ಗೆಲಾಕ್ಸಿ, ಅಂದರೆ ಅಸಂಖ್ಯ ನಕ್ಷತ್ರಗಳ ಸಮೂಹವೊಂದು ಇದೆ. ನೆರೆಯ ಎಂ 81 ಎಂಬ ದೊಡ್ಡ ಗೆಲಾಕ್ಸಿಯ ಸೆಳೆತಕ್ಕೆ ಸಿಕ್ಕಿ ಇದರ ಅನಿಲವು ಹೇರಳವಾಗಿ ನಡುವಿಗೆ ಸರಿಯಿತು. ಅಲ್ಲಿ ನಕ್ಷತ್ರಗಳು ನಮ್ಮ ಆಕಾಶಗಂಗೆಯಲ್ಲಿ ಹುಟ್ಟುವುದಕ್ಕಿಂತ ಹಲವು ಮಡಿ ವೇಗದಲ್ಲಿ ಹುಟ್ಟುತ್ತಿವೆ. ಇಂಥವನ್ನು ವಿಜ್ಞಾನಿಗಳು ಸ್ಟಾರ್‌ಬರ್ಸ್ಟ್ ಗೆಲಾಕ್ಸಿಗಳೆನ್ನುವರು. ನಾವು ನಕ್ಷತ್ರಗಳ ಸುಗ್ಗಿ ಎನ್ನೋಣ.

ಹೀಗೆ ಹುಟ್ಟಿದವುಗಳಲ್ಲಿ ಅತಿ ದೊಡ್ಡವು ಅಲ್ಪಾಯುಗಳು. ಕೆಲವು ದಶಲಕ್ಷ ವರ್ಷಗಳಲ್ಲಿಯೇ ಸಿಡಿದುಹೋಗುತ್ತವೆ. ಆ ಸಿಡಿತಗಳ ಕಾವಿಗೆ ಅನಿಲವು ಕುದಿದು, ತಟ್ಟೆಯಂತಿರುವ ಗೆಲಾಕ್ಸಿಯ ಮೇಲಕ್ಕೂ ಕೆಳಕ್ಕೂ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಿಂದ ಚಿಮ್ಮುತ್ತದೆ. ಇದೇ ಗೆಲಾಕ್ಸಿಯ ಗಾಳಿ. ಎಂ 82ರ ನಡುವಿನಿಂದ ಅನಿಲವು ಹೀಗೆ ಹೊರಚಿಮ್ಮುತ್ತಿರುವುದನ್ನು ಲಿಂಡ್ಸ್ ಮತ್ತು ಸ್ಯಾಂಡೇಜ್ ಎಂಬ ವಿಜ್ಞಾನಿಗಳು 1963ರಲ್ಲಿಯೇ ಪ್ರಕಟಿಸಿದ್ದರು.

ಈ ಗಾಳಿಯಿಂದ ಆಗುವುದೇನು? ದೊಡ್ಡ ನಕ್ಷತ್ರಗಳು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಸೂಸುತ್ತವೆ. ತರಂಗದ ಉದ್ದವು 91.2 ನ್ಯಾನೋಮೀಟರಿಗಿಂತ ಕಡಿಮೆಯಿರುವ ಕಿರಣಕ್ಕೆ ಜಲಜನಕದ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿಯುಂಟು. ಆದರೆ ಆ ಕೆಲಸದಲ್ಲಿ ಕಿರಣವೇ ಮುಗಿದುಹೋಗುವುದು. ಸುತ್ತಲೂ ಜಲಜನಕವೂ ಧೂಳೂ ದಟ್ಟವಾಗಿದ್ದರೆ ಅದು ಹೊರಗೆ ಬಾರದು. ಗಾಳಿಯು ಅಲ್ಲಲ್ಲಿ ಕಿಂಡಿ ಕೊರೆದರೆ ಕೆಲವು ಕಿರಣಗಳು ತಪ್ಪಿಸಿಕೊಳ್ಳುತ್ತವೆ. ಅದೂ ಸಕಾಲದಲ್ಲಿ ಆಗಬೇಕು. ಕಿಂಡಿ ತೆರೆಯುವಷ್ಟರಲ್ಲಿ ಕಿರಣ ಸೂಸುವ ನಕ್ಷತ್ರಗಳೇ ಅಳಿದಿದ್ದರೆ ಫಲವೇನು?

ವಿಶ್ವವು ಹುಟ್ಟಿ ಸುಮಾರು 3 ಲಕ್ಷ 80 ಸಾವಿರ ವರ್ಷಗಳಾದಾಗ ಅದರ ಅನಿಲವು ತಣಿದು ಪರಮಾಣುಗಳಾದುವು. ಸುಮಾರು 100 ಕೋಟಿ ವರ್ಷ ತುಂಬುವ ವೇಳೆಗೆ ಗೆಲಾಕ್ಸಿಗಳ ನಡುವಣ ಜಲಜನಕವು ಬಹುಮಟ್ಟಿಗೆ ಮತ್ತೆ ಒಡೆದಿತ್ತು. ಹಾಗೆ ಒಡೆದುದು ಮೊದಲ ಗೆಲಾಕ್ಸಿಗಳಿಂದ ತಪ್ಪಿಸಿಕೊಂಡ ಕಿರಣಗಳೇ ಎಂದು ಬಹುಮಂದಿ ವಿಜ್ಞಾನಿಗಳ ಮತ.

ಇಂಥ ಕಿರಣಗಳನ್ನು ಅರಸುವುದರಲ್ಲಿ ನಮ್ಮ ದೇಶದ ಪಾಲೂ ಉಂಟು. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದುದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ. ಅದರ ನೆರವಿನಿಂದ ಪುಣೆಯ ಐಯೂಕಾದ ಕನಕ್ ಸಾಹಾ ಮತ್ತು ಸಂಗಡಿಗರು 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಿಂದ ಬಂದ ಇಂಥ ಕಿರಣಗಳನ್ನು ಗುರುತಿಸಿ 2020ರಲ್ಲಿ ಪ್ರಕಟಿಸಿದರು. ಅಲ್ಲಿ ಹುಟ್ಟಿದ ಕಿರಣಗಳಲ್ಲಿ ನೂರಕ್ಕೆ 20ರಷ್ಟಾದರೂ ಹೊರಬಂದಿವೆಯೆಂದು ಅವರ ಲೆಕ್ಕ. ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್ ಅಗಲ. ನಮ್ಮದು 38 ಸೆಂಟಿಮೀಟರಿನಷ್ಟು. ಆದರೂ ಗ್ರಾಹಕದಲ್ಲಿ ಹುಸಿ ಸಂಕೇತಗಳು ಕಡಿಮೆಯಾದುದರಿಂದ ಚಿಕ್ಕದೇ ಗೆದ್ದಿತು.

ವಿದ್ಯಾರ್ಥಿಗಳೇ, ಇದನ್ನೆಲ್ಲ ಇಲ್ಲಿ ಬರೆಯಲು ಕಾರಣವುಂಟು. ಕನ್ನಡವು ಕಥೆ ಕವಿತೆಗಳಿಗೆ ಸಾಕು, ವಿಜ್ಞಾನಕ್ಕೆ ಸಾಲದು ಎಂಬ ಮಾತನ್ನು ಈ ನಗರದಲ್ಲಿ ನಾವು ಪದೇ ಪದೇ ಕೇಳುತ್ತಿದ್ದೇವೆ. ಅದನ್ನು ನಂಬಿದ ತಂದೆತಾಯಿಗಳು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ನಮ್ಮ ಬೆಂಚುಗಳು ತೆರವಾಗುತ್ತವೆ. ಹೊಸಕೋಟೆಯಲ್ಲಿ ಜೋಡಿಸಿದ ಯಂತ್ರವು ಕಂಡುದನ್ನು ಹೊಸಕೋಟೆಯ ಭಾಷೆಯಲ್ಲಿ ಹೇಳಲಾಗದೆ? ಕನ್ನಡದಲ್ಲಿಯೇ ಮೆಟ್ರಿಕ್‌ವರೆಗೆ ಓದಿದ ನಮಗೆ ಈ ಮಾತು ಒಪ್ಪಿಗೆಯಾಗದು.

ಇಂಗ್ಲಿಷನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಕಾಲೇಜಿಗೆ ಅದು ಬೇಕು; ಚೆನ್ನಾಗಿ ಕಲಿಯಿರಿ. ಆದರೆ ಕಲಿತುದನ್ನು ಮನೆಯಲ್ಲಿ ತಾಯಿಗೂ ತಮ್ಮತಂಗಿಯರಿಗೂ ಹೇಳಲಾರದವನ ವಿದ್ಯೆಯು ಅನಿಲದೊಳಗೇ ಅಡಗಿದ ಕಿರಣದಂತೆ. ಹೇಳುವ ಅಭ್ಯಾಸವು ಈಗಲೇ ಆಗಬೇಕು. ಹತ್ತು ವರ್ಷಗಳ ತರುವಾಯ ಹೇಳುವೆನೆಂದರೆ ಅಷ್ಟರಲ್ಲಿ ನಾಲಗೆಯು ಕನ್ನಡವನ್ನೇ ಮರೆತೀತು.

ಆದುದರಿಂದ ನಮ್ಮ ಸಲಹೆಯಿಷ್ಟು. ಮುಂದಿನ ಸಂಚಿಕೆಗೆ ಪ್ರತಿಯೊಂದು ತರಗತಿಯೂ ವಿಜ್ಞಾನದ ಲೇಖನವೊಂದನ್ನು ತಿಳಿಗನ್ನಡದಲ್ಲಿ ಬರೆದು ಕೊಡಲಿ. ತಿದ್ದಿಕೊಡಲು ನಾವು ಸಿದ್ಧರಿದ್ದೇವೆ.