ಅಪ್‌ಡೇಟಿಗೂ ಒಂದು ಹೊತ್ತು ಬೇಡವೇ?

ಮನೆಗೆ ಕಂಪ್ಯೂಟರು ಬಂದಂದಿನಿಂದ ಅದರ ಬೆನ್ನಿಗೇ ಬಂದ ಒಂದು ಕಾಟವನ್ನು ಕುರಿತು ಬರೆಯಿರೆಂದು ವಾಚಕ ಬಂಧುಗಳು ಹಲವರು ಕೇಳುತ್ತಲೇ ಬಂದಿದ್ದಾರೆ. ಮಗಳು ಪ್ರವೇಶ ಪರೀಕ್ಷೆಯ ಅರ್ಜಿಯನ್ನು ತುಂಬಿಸುತ್ತಿರುವಳು. ಅಥವಾ ಮನೆಯ ಯಜಮಾನರು ಸೊಸೈಟಿಯ ವಾರ್ಷಿಕ ಲೆಕ್ಕವನ್ನು ಮುಗಿಸುವುದರಲ್ಲಿರುವರು. ಆಗ ಯಂತ್ರವು ಅಪ್‌ಡೇಟಿಗೆ ತೊಡಗಿ, ಕಂಪ್ಯೂಟರನ್ನು ಆರಿಸಬೇಡಿರೆಂದು ತೆರೆಯ ಮೇಲೆ ಬರೆದು ಕುಳಿತುಬಿಡುತ್ತದೆ. ಹೊರಗೆ ಆಟಿಯ ಮಳೆ. ಕರೆಂಟು ಯಾವ ಗಳಿಗೆಯಲ್ಲಿ ಹೋದೀತೆಂಬ ಭರವಸೆಯಿಲ್ಲ. ಇಂಥ ಹೊತ್ತಿನಲ್ಲಿ, ಈ ಅಪ್‌ಡೇಟಿನ ಸಹವಾಸವೇ ಬೇಡವೆಂದು ತೋರುವುದು ಸಹಜ. ರಿಪೇರಿಯವರಲ್ಲಿ ಕೆಲವರು ಅದನ್ನು ಶಾಶ್ವತವಾಗಿ ನಿಲ್ಲಿಸಿಯೂ ಕೊಡುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಅಪ್‌ಡೇಟು ಯಾವಾಗ ಆಗಬೇಕೆಂಬುದನ್ನು ನಾವು ನಿರ್ಧರಿಸೋಣ; ಆಗಲೇಬಾರದೆಂದು ಮಾತ್ರ ಹಟ ಹಿಡಿಯುವುದು ಬೇಡ.

ಏಕೆಂಬುದಕ್ಕೆ 2017ರ ಒಂದು ಪ್ರಸಂಗವೇ ಸಾಕು. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸಿನಲ್ಲಿದ್ದ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಹೊರಡಿಸಿತು. ಹಾಕಿಸಿಕೊಂಡವರು ಹಾಕಿಸಿಕೊಂಡರು, ಉಳಿದವರು ಅಸಡ್ಡೆ ಮಾಡಿದರು. ಎರಡು ತಿಂಗಳು ತುಂಬುವ ಮುನ್ನ, ಮೇ 12ರಂದು, ವಾನಾಕ್ರೈ ಎಂಬ ಪಿಡುಗು ಅದೇ ಬಿರುಕಿನಿಂದ ನುಗ್ಗಿತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೇ ಅಸ್ತವ್ಯಸ್ತವಾಯಿತು. ದೂರದ ಮಾತೇಕೆ, ನಮ್ಮ ಕೇರಳದಲ್ಲಿಯೇ ವಯನಾಡಿನ ತರಿಯೋಡು ಪಂಚಾಯತು ಕಛೇರಿಯ ಕಂಪ್ಯೂಟರುಗಳು ಅದಕ್ಕೆ ತುತ್ತಾದವು.

ಇನ್ನು ನಾಣ್ಯದ ಮತ್ತೊಂದು ಮುಖ. ಅಪ್‌ಡೇಟೇ ಕೆಟ್ಟದ್ದಾಗಿ ಬರುವುದೂ ಉಂಟು. 2018ರ ಅಕ್ಟೋಬರ್ 2ರಂದು ಹೊರಟ ವಿಂಡೋಸ್ 10ರ ದೊಡ್ಡ ಅಪ್‌ಡೇಟು ಕೆಲವರ ಯಂತ್ರಗಳಲ್ಲಿ ಪತ್ರಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿತು. ಸಂಸ್ಥೆಯು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು, ತಿದ್ದಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಮೊದಲ ದಿನಗಳಲ್ಲಿ ಅದು ತಾನಾಗಿ ಯಾರ ಮನೆಗೂ ಬಂದಿರಲಿಲ್ಲ; 'ಚೆಕ್ ಫಾರ್ ಅಪ್‌ಡೇಟ್ಸ್' ಎಂಬ ಗುಂಡಿಯನ್ನು ತಾವಾಗಿ ಒತ್ತಿ ಕರೆದವರಿಗೆ ಬಂದಿತ್ತು. ಹೊಸದೆಲ್ಲ ಮೊದಲು ನಮ್ಮ ಮನೆಗೇ ಬರಲೆಂಬ ಆತುರದವರು ಆ ಗುಂಡಿಯಿಂದ ಸ್ವಲ್ಪ ದೂರವಿರುವುದು ಲೇಸು.

ವಿಂಡೋಸ್ 7ರ ಕಾಲದಲ್ಲಿ ಅಪ್‌ಡೇಟನ್ನು ಇಳಿಸಿಕೊಳ್ಳಬೇಕೇ, ಹಾಕಿಕೊಳ್ಳಬೇಕೇ ಎಂದು ಯಂತ್ರವು ನಮ್ಮನ್ನು ಕೇಳುವಂತೆ ಮಾಡಬಹುದಾಗಿತ್ತು. 2015ರ ಜುಲೈ 29ರಂದು ಬಂದ ವಿಂಡೋಸ್ 10, ಮನೆಬಳಕೆಯ 'ಹೋಂ' ಆವೃತ್ತಿಯವರಿಂದ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡಿತು. ಜನರು ಗೊಣಗಿದರು, ಬೈದರು. ಕೊನೆಗೆ 2019ರ ಮೇ ತಿಂಗಳ ಆವೃತ್ತಿಯಲ್ಲಿ 'ಹೋಂ'ನವರಿಗೂ ಏಳೇಳು ದಿನಗಳಂತೆ 35 ದಿನಗಳವರೆಗೆ ಅಪ್‌ಡೇಟನ್ನು ತಡೆಹಿಡಿಯುವ ಅನುಕೂಲ ದೊರೆಯಿತು. ಹಣ ಕೊಟ್ಟು ಕೊಂಡ ಯಂತ್ರದ ಮೇಲೆ ಇಷ್ಟು ಹಕ್ಕನ್ನು ಪಡೆಯಲು ನಾಲ್ಕು ವರ್ಷ ಕಾಯಬೇಕಾಯಿತೆಂಬುದು ಸೋಜಿಗವೇ ಸರಿ.

ಈ ಅನುಕೂಲವು 'ಸೆಟ್ಟಿಂಗ್ಸ್' ಒಳಗೆ 'ವಿಂಡೋಸ್ ಅಪ್‌ಡೇಟ್' ಎಂಬಲ್ಲಿ, 'ಪಾಸ್ ಅಪ್‌ಡೇಟ್ಸ್' ಎಂಬ ಹೆಸರಿನಲ್ಲಿದೆ. ಪರೀಕ್ಷೆ, ಅರ್ಜಿ, ಲೆಕ್ಕಪತ್ರಗಳ ಗಡುವು ಹತ್ತಿರವಿರುವಾಗ ಅದನ್ನು ಒತ್ತಿಡಬೇಕು. ಅವಧಿ ತೀರಿದ ಬಳಿಕ ಬಾಕಿಯಿರುವುದನ್ನೆಲ್ಲ ಹಾಕಿಸಿಕೊಂಡಲ್ಲದೆ ಮತ್ತೆ ತಡೆಯಲು ಯಂತ್ರವು ಬಿಡುವುದಿಲ್ಲ. ಈ ನಿರ್ಬಂಧವು ನಮ್ಮ ಮಟ್ಟಿಗೆ ನ್ಯಾಯವಾಗಿಯೇ ಕಾಣುತ್ತದೆ. ಅಲ್ಲಿಯೇ 'ಆಕ್ಟಿವ್ ಅವರ್ಸ್' ಎಂಬ ಇನ್ನೊಂದು ಏರ್ಪಾಡಿದೆ. ನಾವು ಕೆಲಸ ಮಾಡುವ ಹೊತ್ತನ್ನು, 18 ಗಂಟೆಗಳಿಗೆ ಮೀರದಂತೆ, ಅದರಲ್ಲಿ ತಿಳಿಸಿದರೆ ಆ ಅವಧಿಯಲ್ಲಿ ಯಂತ್ರವು ತಾನಾಗಿ ಆರಿ ಹೊತ್ತಿಕೊಳ್ಳುವುದಿಲ್ಲ. ಮೊಬೈಲಿನ ಹಾಟ್‌ಸ್ಪಾಟಿನಿಂದ ಇಂಟರ್‌ನೆಟ್ ಪಡೆಯುವ ಮನೆಗಳಲ್ಲಿ ಆ ಸಂಪರ್ಕವನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತಿಸಿಡಬೇಕು. ಆಗ ಹೆಚ್ಚಿನ ಅಪ್‌ಡೇಟುಗಳು ನಮ್ಮನ್ನು ಕೇಳದೆ ಇಳಿದುಬರುವುದಿಲ್ಲ, ದಿನದ ಡೇಟಾ ಬೆಳಗ್ಗೆಯೇ ಬರಿದಾಗುವುದೂ ತಪ್ಪುತ್ತದೆ.

ಮನೆಗಳಲ್ಲಿ ಅನುಸರಿಸಬಹುದಾದ ಕ್ರಮವೊಂದನ್ನು ಹೇಳುವೆವು. 2003ರಿಂದಲೂ ಮೈಕ್ರೋಸಾಫ್ಟಿನ ಮುಖ್ಯ ಅಪ್‌ಡೇಟುಗಳು ತಿಂಗಳ ಎರಡನೆಯ ಮಂಗಳವಾರ ಹೊರಡುತ್ತವೆ. ನಮ್ಮ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿ ಹತ್ತೂವರೆಯ ಮೇಲಾಗುತ್ತದೆ. ಒಂದು ವಾರ, ಹತ್ತು ದಿನ ತಾಳಿರಿ. ದೋಷವಿದ್ದರೆ ಅಷ್ಟರಲ್ಲಿ ಲೋಕಕ್ಕೆ ತಿಳಿದಿರುತ್ತದೆ. ಆ ಬಳಿಕ ಬಿಡುವಿನ ಒಂದು ಭಾನುವಾರ, ಬೇಕಾದ ಕಡತಗಳನ್ನೂ ಮಕ್ಕಳ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಲ್ಯಾಪ್‌ಟಾಪಾದರೆ ಚಾರ್ಜಿಗೆ ಹಾಕಿ, ಡೆಸ್ಕ್‌ಟಾಪಾದರೆ ಯುಪಿಎಸ್ ಇದೆಯೆಂದು ನೋಡಿಕೊಂಡು, ನೀವೇ ಅಪ್‌ಡೇಟನ್ನು ಹಾಕಿರಿ. ದೊಡ್ಡ ಅಪ್‌ಡೇಟಿನಿಂದ ತೊಂದರೆಯಾದರೆ ಹಳೆಯ ಸ್ಥಿತಿಗೆ ಮರಳಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶವಿರುತ್ತದೆ.

ನಮ್ಮ ಶಾಲಾ ಮಕ್ಕಳಿಗೆ ಇನ್ನೊಂದು ಬಗೆಯೂ ತಿಳಿದಿದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಕೈಟ್ ಸಂಸ್ಥೆಯು ಉಬುಂಟುವಿನ ತಳಹದಿಯ ಮೇಲೆ ಸಿದ್ಧಪಡಿಸಿದ ವ್ಯವಸ್ಥೆ. ಉಬುಂಟುವಿನಲ್ಲಿ ಯಾವ ಅಪ್‌ಡೇಟು ಬಂದಿದೆಯೆಂಬ ಪಟ್ಟಿಯನ್ನು ಮೊದಲು ನೋಡಿ, ಆಮೇಲೆ ಹಾಕಿಕೊಳ್ಳಬಹುದು. ಸುರಕ್ಷೆಗೆ ಸಂಬಂಧಿಸಿದವು ತಾವಾಗಿ ಬಂದು ಕೂಡುವುದುಂಟು. ಆದರೆ ನಾವು ಬೇರೆ ಏರ್ಪಾಡು ಮಾಡದ ಹೊರತು, ಅದಕ್ಕಾಗಿ ಕೆಲಸದ ನಡುವೆ ಯಂತ್ರವು ತಾನಾಗಿ ಆರಿ ಹೊತ್ತಿಕೊಳ್ಳುವುದಿಲ್ಲ. ಎರಡು ವರ್ಷಗಳಿಗೊಮ್ಮೆ ಬರುವ ಅದರ ದೀರ್ಘಾವಧಿಯ ಆವೃತ್ತಿಗೆ ಐದು ವರ್ಷಗಳ ಪೋಷಣೆ ಉಚಿತ.

ವಿಂಡೋಸ್ 10 ಇನ್ನೂ ಇರುವ ಮನೆಗಳಿಗೆ ಒಂದು ಮಾತು. ಅದರ ಪೋಷಣೆಯು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಸುರಕ್ಷಾ ಯೋಜನೆಗೆ ಹೆಸರು ನೋಂದಾಯಿಸದ ಯಂತ್ರಕ್ಕೆ ಅಂದಿನಿಂದ ಸುರಕ್ಷಾ ಅಪ್‌ಡೇಟುಗಳು ನಿಂತಿವೆ. ಕಾಟ ತಪ್ಪಿತೆಂದು ಹಿಗ್ಗುವ ಮುನ್ನ ತರಿಯೋಡನ್ನು ನೆನೆಯಬೇಕು. ವಿಂಡೋಸ್ 11ಕ್ಕೆ ಒಗ್ಗದ ಇಂಥ ಹಳೆಯ ಕಂಪ್ಯೂಟರುಗಳಲ್ಲಿ ಉಬುಂಟುವನ್ನು ಹಾಕುವ ಬಗೆಯನ್ನು ಬರುವ ತಿಂಗಳು ವಿವರಿಸುವೆವು.